ಮೂರು ನೀರು

ಗೆರ್ತ್ ನಾಯಿಯನ್ನು ಹಿಡಿದುಕೊಂಡು ದಿಬ್ಬ ಹತ್ತಿ ಬರುತ್ತಿರುವುದು ರೆಗೀನಾಳ ಅಡುಗೆಮನೆಯ ಕಿಟಕಿಯಿಂದ ಎನೊಕ್‌ಗೆ ಮೊದಲೇ ಕಾಣಿಸಿತು. ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟ. ಏನಾದರೊಂದು ನೆಪ ಹೇಳಿ ಎದ್ದು ಹೋಗೋಣವೆಂದರೆ ಆ ಮನೆಗೆ ಇದ್ದದ್ದು ಒಂದೇ ಬಾಗಿಲು, ಗೆರ್ತ್ ಬರುತ್ತಿದ್ದದ್ದೂ ಆ ಬಾಗಿಲಿಗೇ.

"ಯಾರೋ ಅದು, ಮಗನೇ?" ಎಂದಳು ರೆಗೀನಾ, ಒಲೆಯ ಕಡೆಯಿಂದ ತಿರುಗದೆ.

"ಗೆರ್ತ್ ಇರ್ಬೇಕು, ಅಪ್ಪಾ."

ಎನೊಕ್‌ಗೆ ಅರವತ್ತೊಂದು ವರ್ಷ, ರೆಗೀನಾಗೆ ಇಪ್ಪತ್ತೇಳು. ಆದರೂ ಅವಳು ಮಗನೇ ಎನ್ನುವುದಾಗಲಿ, ಅವನು ಅಪ್ಪಾ ಎನ್ನುವುದಾಗಲಿ ಆ ಊರಲ್ಲಿ ಯಾರ ಕಿವಿಗೂ ವಿಚಿತ್ರವಲ್ಲ. ಎನೊಕ್‌ನ ಅಪ್ಪ ಕುನುಕ್ ತೀರಿಕೊಂಡ ಹನ್ನೊಂದನೆಯ ದಿನ ಪಕ್ಕದ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿತ್ತು. ಸತ್ತವನ ಹೆಸರನ್ನು ಕೂಸಿಗಿಟ್ಟರು. ಹೆಸರು ಬಂದ ಮೇಲೆ ಮನುಷ್ಯನೂ ಬಂದ ಹಾಗೆಯೇ. ಪಾದ್ರಿಯ ಪುಸ್ತಕದಲ್ಲಿ ಅವಳು ರೆಗೀನಾ, ಎನೊಕ್‌ನ ಪಾಲಿಗೆ ಮಾತ್ರ ಅಪ್ಪ. ಅವಳಿಗೆ ಮೊದಲ ಹಲ್ಲು ಬಂದಾಗ, ಅವಳು ಮೊದಲ ಸೀಲ್ ಹೊಡೆದು ತಂದಾಗ, ಉಡುಗೊರೆ ಹಿಡಿದು ಎಲ್ಲರಿಗಿಂತ ಮುಂಚೆ ಹೋದವನು ಅವನೇ. ಮೂರು ವರ್ಷದವಳಿದ್ದಾಗ ಸೊಂಟದ ಮೇಲೆ ಕೈಯಿಟ್ಟು "ಮಗನೇ, ನನ್ ಬೂಟ್ ಕಟ್ಟೋ" ಎಂದು ಗದರಿದ್ದಳು. ಊರವರು ಅದನ್ನು ಹೇಳಿಕೊಂಡು ಈಗಲೂ ನಗುತ್ತಾರೆ.

ಗೆರ್ತ್ ಒಳಗೆ ಬರಲಿಲ್ಲ. ಟೋಪಿ ತೆಗೆದು ಹೊಸ್ತಿಲಾಚೆಯೇ ನಿಂತ. ಐವತ್ತು ದಾಟಿದ ಒಂಟಿ ಮನುಷ್ಯ, ದಡದ ಹತ್ತಿರ ಅಕ್ಕ ದೋರ್ಥೆಯಾಳ ಜೊತೆ ಇರುತ್ತಿದ್ದ. ಕುಡಿಯದೆ ಇದ್ದಾಗ ಅವನಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಕುಡಿದಾಗಲೂ ಸಾಧುವೇ, ಆದರೆ ಎಲ್ಲಿ ಬಿದ್ದಿದ್ದೆ, ಏನು ಮಾಡಿದೆ ಎನ್ನುವುದು ಮಾರನೆಯ ದಿನ ನೆನಪಿರುತ್ತಿರಲಿಲ್ಲ.

"ಒಳಗ್ ಬಾ ಗೆರ್ತಣ್ಣ, ಕಾಫಿ ಇದೆ."

"ಬೇಡಮ್ಮ, ಬೂಟೆಲ್ಲ ಗಲೀಜು. ಕಾಫಿನ ತಂದಿದೀನಿ."

"ಇಲ್ಲೇ ಇದೆ ಅಂದ್ನಲ್ಲ."

"ಅಲ್ಲಮ್ಮ, ಇವಳು. ಇವಳ ಹೆಸರೇ ಕಾಫಿ." ಕಂದು ಬಣ್ಣದ ಹೆಣ್ಣುನಾಯಿಯ ತಲೆಯನ್ನು ಮುಂದಕ್ಕೆ ತಳ್ಳಿದ. "ನಿನ್ನ ಆಪುತ್ ಹೋದ್ಳು. ಮುಂದೆ ನಡೆಯೋಳಿಲ್ದೆ ಬಂಡಿ ಹೇಗ್ ಕಟ್ತೀಯ? ಇವಳಿಗೆ ಐದು ವರ್ಷ. ಹಿಮ ತೆಳ್ಳಗಿದ್ರೆ ಕಾಲಿಡೋಕ್ ಮುಂಚೆ ನಿಲ್ತಾಳೆ. ಇಟ್ಕೋ."

"ನಿಂಗೆ?"

"ಇನ್ನೂ ನಾಲ್ಕಿವೆ. ಅಂಗಡಿಗೆ ಹೋಗ್ ಬರೋಕೆ ಅಷ್ಟು ಸಾಕು." ಟೋಪಿಯನ್ನು ಕೈಯಲ್ಲೇ ತಿರುಗಿಸಿದ. "ಆ ಶಾರ್ಕನ್ನ ದಡದಲ್ಲೇ ಬಿಟ್ಟುಬಿಟ್ನೇನೋ, ನಂಗೆ ನೆನಪಿಲ್ಲ ಕಣಮ್ಮ. ನೆನಪಿಲ್ಲ ಅಂದ್ರೆ ಮಾಡಿಲ್ಲ ಅಂತಲ್ಲ. ಎನೊಕಣ್ಣ ಇದ್ದಿದ್ದಕ್ಕೆ ಉಳಿದ ಏಳು ಬದುಕಿದ್ವು. ಇಲ್ದಿದ್ರೆ ನನ್ನಿಂದ ಒಂಬತ್ತೂ ಹೋಗ್ತಿದ್ವು."

ಇಬ್ಬರೂ ಎನೊಕ್‌ನ ಕಡೆ ನೋಡಿದರು. ಏನಾದರೂ ಹೇಳಲೇಬೇಕಿತ್ತು.

"ಹೂಂ," ಎಂದ ಎನೊಕ್.

ಆ ಒಂದು ಹೂಂ ಹೇಳಿದ ಮೇಲೆ ಅವನಿಗೆ ತನ್ನ ಬಾಯಿಯ ಮೇಲೇ ಅಸಹ್ಯವಾಯಿತು.

ನಡೆದದ್ದು ಇಷ್ಟೇ. ರೆಗೀನಾಳ ತಾಯಿಗೆ ಪಟ್ಟಣದ ಆಸ್ಪತ್ರೆಯಲ್ಲಿ ಸೊಂಟದ ಶಸ್ತ್ರಚಿಕಿತ್ಸೆ. ಮಗಳು ಜೊತೆಗೆ ಹೋಗಬೇಕಿತ್ತು. ಹೆಲಿಕಾಪ್ಟರ್ ಹತ್ತುವ ಮೊದಲು ತನ್ನ ಒಂಬತ್ತು ನಾಯಿಗಳನ್ನೂ ಎನೊಕ್‌ಗೆ ಒಪ್ಪಿಸಿ, ಆರು ದಿನಕ್ಕಾಗುವಷ್ಟು ಒಣಮೀನು ಇಟ್ಟು ಹೋಗಿದ್ದಳು. ಒಪ್ಪಿಸುವುದಕ್ಕೆ ಅವನಿಗಿಂತ ಬೇರೆ ಯಾರು? ನಾಯಿಯ ವಿಷಯದಲ್ಲಿ ಎನೊಕ್ ಹೇಳಿದ್ದೇ ಆ ಕೊಲ್ಲಿಯಲ್ಲೆಲ್ಲ ಕಡೆಯ ಮಾತು. ಆರನೆಯ ದಿನ ಬಿರುಗಾಳಿ ಎದ್ದಿತು. ಹೆಲಿಕಾಪ್ಟರ್ ಬರಲಿಲ್ಲ, ಹೆಪ್ಪುಗಟ್ಟಿದ ಕಡಲ ಮೇಲೆ ಗಾಳ ಎಳೆಯಲು ಯಾರೂ ಹೋಗುವಂತಿರಲಿಲ್ಲ, ಒಣಮೀನು ಮುಗಿಯಿತು.

ಎನೊಕ್‌ನ ಮಾಂಸದ ಕೊಟ್ಟಿಗೆಯಲ್ಲಿ ಅರ್ಧ ಸೀಲ್ ಇತ್ತು. ಎಲ್ಲ ನಾಯಿಗಳಿಗೂ ಹಂಚಿದರೆ ಎರಡು ದಿನ, ತನ್ನವಕ್ಕೆ ಮಾತ್ರವಾದರೆ ನಾಲ್ಕು ದಿನ. ಪಕ್ಕದಲ್ಲಿ, ಗಾಳಿ ಏಳುವ ಹಿಂದಿನ ದಿನ ಅವನ ಗಾಳಕ್ಕೆ ಸುತ್ತಿಕೊಂಡು ಬಂದಿದ್ದ ಶಾರ್ಕಿನ ಮಾಂಸ ಹೆಪ್ಪುಗಟ್ಟಿ ಬಿದ್ದಿತ್ತು. ಶಾರ್ಕಿನ ಹಸಿ ಮಾಂಸ ನಾಯಿಗೆ ವಿಷವೆಂದು ಅಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ತಿಂದ ನಾಯಿ ಕುಡಿದವರಂತೆ ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಜಾಸ್ತಿ ತಿಂದರೆ ಏಳುವುದಿಲ್ಲ. ತಿಂಗಳುಗಟ್ಟಲೆ ಒಣಗಿಸಬೇಕು, ಇಲ್ಲವೇ ಕುದಿಸಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮತ್ತೆ ಕುದಿಸಿ ಚೆಲ್ಲಿ, ಮೂರನೆಯ ನೀರಲ್ಲೂ ಕುದಿಸಬೇಕು. ಮೂರು ನೀರು ಎನ್ನುವುದು ಕುನುಕ್‌ನ ಕಾಲದಿಂದ ಆ ಮನೆಯ ಮಂತ್ರ. ಮೂರು ನೀರು ಹಾಕದ ಹುಡುಗರನ್ನು ಎನೊಕ್ ಅಂಗಡಿಯ ಮುಂದೆ ನಾಲ್ಕು ಜನರೆದುರು ಬೈದಿದ್ದ.

ಆ ದಿನ ಅವನು ಪೀಪಾಯಿಯಲ್ಲಿ ಒಂದು ನೀರು ಕುದಿಸಿದ, ಚೆಲ್ಲಿದ. ಎರಡನೆಯದಕ್ಕೆ ಮತ್ತೆ ಗಾಳಿಯಲ್ಲಿ ಹೋಗಿ ಹಿಮ ಕಡಿದು ತಂದು ಕರಗಿಸಬೇಕು. ಮಂಡಿ ನೋಯುತ್ತಿತ್ತು. ಹೆಂಡತಿ ಬೊಲೆಥಾ ಬಾಗಿಲು ತೆರೆದು ಸಾರು ಆರುತ್ತಿದೆ ಎಂದು ಕೂಗಿದಳು. ಒಂದು ನೀರಿಗೇ ಬಹಳಷ್ಟು ಹೋಗಿರುತ್ತದೆ, ಚೂರು ಚೂರೇ ಹಾಕಿದರಾಯಿತು ಎಂದುಕೊಂಡ. ತನ್ನ ನಾಯಿಗಳಿಗೆ ಸೀಲ್ ಹಾಕಿದ, ರೆಗೀನಾಳ ನಾಯಿಗಳಿಗೆ ಶಾರ್ಕ್ ಹಾಕಿದ. ಒಂದು ನೀರು ಸಾಕು ಎಂದು ಅವನಿಗೆ ನಿಜವಾಗಿ ಅನ್ನಿಸಿದ್ದರೆ ತನ್ನವಕ್ಕೂ ಅದನ್ನೇ ಹಾಕಬಹುದಿತ್ತಲ್ಲ. ಈ ಲೆಕ್ಕ ಅವನ ತಲೆಗೆ ಹೊಳೆದದ್ದು ಸಾರು ಕುಡಿದು ಬೆಚ್ಚಗೆ ಕೂತ ಮೇಲೆ. ಹೊಳೆದರೂ ಏಳಲಿಲ್ಲ.

ಬೆಳಿಗ್ಗೆ ನೋಡಿದರೆ ಎಂಟು ನಾಯಿಗಳು ಹಿಮದಲ್ಲಿ ಹೊರಳಾಡುತ್ತಿದ್ದವು. ಒಂದು ಗಂಡು ಆಗಲೇ ಸತ್ತಿತ್ತು. ಬಿಳಿಯ ಆಪುತ್, ಬಂಡಿಯ ಮುಂದಾಳು, ಅವನನ್ನು ಕಂಡು ಏಳಲು ಹೋಗಿ ಮುಗ್ಗರಿಸಿತು, ಬಾಲ ಮಾತ್ರ ಆಡಿಸಿತು, ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು. ಉಳಿದ ಏಳನ್ನು ಎರಡು ಹಗಲು ಎರಡು ರಾತ್ರಿ ಬಿಡದೆ ನೋಡಿಕೊಂಡ. ಬಾಯಿ ತೆರೆಸಿ ಬಿಸಿನೀರು, ಸೀಲ್ ಎಣ್ಣೆ ಹುಯ್ದ, ಮೈ ತಿಕ್ಕಿದ. ಬಿರುಗಾಳಿಯಲ್ಲಿ ಮುದುಕ ಪಡುತ್ತಿದ್ದ ಪಾಡನ್ನು ಊರೇ ನೋಡಿತು.

ಫೋನಿನಲ್ಲಿ ರೆಗೀನಾ ಕೇಳಿದ್ದು ಒಂದೇ ಮಾತು. "ಹೇಗಾಯ್ತೋ, ಮಗನೇ?"

ಗೆರ್ತ್ ಅದೇ ವಾರ ದಡದಲ್ಲಿ ಒಂದು ಶಾರ್ಕ್ ಕತ್ತರಿಸಿದ್ದ, ಆಮೇಲೆ ಮೂರು ದಿನ ಕುಡಿದು ಮಲಗಿದ್ದ. ಅದು ಎಲ್ಲಿಂದ ನೆನಪಾಯಿತೋ, ಗಾಳಿಗೆ ಸರಪಳಿಯ ಗೂಟ ಕಿತ್ತು ಬಂತು, ನಾಯಿಗಳು ಓಡಿಹೋಗಿ ಗೆರ್ತ್ ಬಿಟ್ಟಿದ್ದನ್ನು ತಿಂದವು ಎಂದು ಎನೊಕ್ ಹೇಳಿಬಿಟ್ಟ. ಫೋನ್ ಇಟ್ಟ ಮೇಲೆ ದಡಕ್ಕೆ ಹೋಗಿ ನೋಡಿದ. ಕುಡಿದಿದ್ದರೇನು, ಗೆರ್ತ್ ಒಂದು ತುಣುಕನ್ನೂ ಬಿಡದೆ ಹಿಮದ ಬಿರುಕಿಗೆ ತಳ್ಳಿ, ರಕ್ತದ ಮೇಲೆ ಹಿಮ ಎಳೆದು ಚೊಕ್ಕಟ ಮಾಡಿದ್ದ. ಎನೊಕ್ ಅಲ್ಲಿಂದ ಬಂದು, ರೆಗೀನಾಳ ಮನೆಯ ಹಿಂದೆ ಹೋಗಿ, ಗಟ್ಟಿಯಾಗಿದ್ದ ಗೂಟವನ್ನು ಹಾರೆಯಿಂದ ಮೀಟಿ ಕಿತ್ತುಹಾಕಿದ. ಬೇಲಿಯೇ ಎದ್ದು ಹೊಲ ಮೇಯ್ದದ್ದಲ್ಲದೆ, ದಾರಿಯಲ್ಲಿ ಹೋಗುವವನ ಬಾಯಿಗೆ ಹುಲ್ಲು ಒರೆಸಿ ಬಂದ ಹಾಗಾಯಿತು.

ಗೆರ್ತ್ ನಾಯಿ ಕೊಟ್ಟು ಹೋದ ಆ ದಿನ ಮಧ್ಯಾಹ್ನ ಬೊಲೆಥಾ ಮೀನು ಬಡಿಸುತ್ತಾ ಅಂದಳು:

"ದೋರ್ಥೆಯಾ ಸಿಕ್ಕಿದ್ಳು. ತಮ್ಮ ಊಟ ಬಿಟ್ಟಿದಾನಂತೆ. ಒಂದೇ ಸಮನೆ ತನ್ನ ಕೈ ನೋಡ್ಕೊಂಡು ಕೂತಿರ್ತಾನಂತೆ."

"ಕುಡಿಯೋದ್ ಬಿಟ್ರೆ ಎಲ್ಲಾ ಸರಿಹೋಗುತ್ತೆ."

"ಹೌದು, ಕುಡಿಯೋರಿಗೆ ಅದೊಂದು ಅನುಕೂಲ. ಏನ್ ಬೇಕಾದ್ರೂ ಅವರ ತಲೆಗೆ ಕಟ್ಬಹುದು." ಅವಳು ತಟ್ಟೆಯನ್ನು ಅವನ ಮುಂದೆ ಇಟ್ಟಳು. "ಆವತ್ತು ನೀನು ಒಂದ್ಸಲ ಹಿಮ ತಂದಿದ್ದು ನೋಡ್ದೆ. ಇನ್ನೆರಡ್ ಸಲ ಯಾವಾಗ್ ಹೋಗಿದ್ದೆ?"

"ನೀನ್ ಮಲಗಿದ್ದಾಗ."

"ನಾನ್ ಮಲಗಿರ್ಲಿಲ್ಲ," ಎಂದಳು ಬೊಲೆಥಾ. ಎನೊಕ್ ತಟ್ಟೆಯಲ್ಲಿದ್ದದ್ದನ್ನು ಮುಗಿಸಲಾರದೆ ಎದ್ದುಹೋದ.

ಮಾರನೆಯ ದಿನ ಬಿಸಿಲು ಬಂತು. ರೆಗೀನಾ ಏಳು ನಾಯಿಗಳ ಮುಂದೆ ಕಾಫಿಯನ್ನು ಕಟ್ಟಿ ಗಾಳ ಎಳೆಯಲು ಹೊರಟಳು. "ನೀನೂ ಬಾರೋ. ಹೊಸ ಹುಡುಗಿ ಮಾತು ಕೇಳ್ತಾಳೋ ಇಲ್ವೋ" ಎಂದು ಎನೊಕ್‌ನನ್ನೂ ಬಂಡಿ ಹತ್ತಿಸಿಕೊಂಡಳು. ಕಾಫಿ ಮಾತೇನೋ ಕೇಳಿತು. ಆದರೆ ನೂರು ಮಾರಿಗೊಮ್ಮೆ ನಿಂತು ಊರಿನ ಕಡೆ ತಿರುಗಿ ನೋಡುತ್ತಿತ್ತು. ಒಂದು ಸಲವಂತೂ ಹಿಮದ ಮೇಲೆ ಮಲಗೇಬಿಟ್ಟಿತು. ರೆಗೀನಾ ಇಳಿದು ಹೋಗಿ ಅದರ ಕಿವಿ ತಿಕ್ಕಿ ಎಬ್ಬಿಸಿದಳು.

"ಗೆರ್ತಣ್ಣನ ಮೇಲೆ ನಂಗೆ ಸಿಟ್ಟಿತ್ತು ಕಣೋ," ಎಂದಳು ವಾಪಸು ಬಂದು. "ಪಟ್ಟಣದಲ್ಲಿ ರಾತ್ರಿಯೆಲ್ಲ ಅವನಿಗೆ ಶಾಪ ಹಾಕ್ತಿದ್ದೆ. ನಿನ್ನೆ ಅವನ ಮುಖ ನೋಡಿದ್ಮೇಲೆ ಆಗ್ಲಿಲ್ಲ. ಇದ್ದ ಒಂದು ಒಳ್ಳೆ ನಾಯಿನ ಕೊಟ್ಟುಬಿಟ್ಟನಲ್ಲ."

ಎನೊಕ್ ಬಂಡಿಯ ಹಗ್ಗವನ್ನು ಬಿಗಿ ಮಾಡುವವನಂತೆ ಬಗ್ಗಿದ. ಹಗ್ಗ ಬಿಗಿಯಾಗಿಯೇ ಇತ್ತು.

ಗಾಳ ಇಳಿಬಿಡಲು ಹಿಮದಲ್ಲಿ ಕೊರೆದಿದ್ದ ಕಂಡಿಯ ಮೇಲಿನ ತೆಳುಪದರ ಒಡೆದು ಇಬ್ಬರೂ ಗಾಳದ ಹಗ್ಗ ಎಳೆಯತೊಡಗಿದರು. ಐನೂರು ಮಾರು ಆಳದಿಂದ ಬರುವ ಹಗ್ಗ. ಮೊದಲು ಹಾಲಿಬಟ್ ಮೀನುಗಳು ಒಂದೊಂದಾಗಿ ಬಂದವು. ಆಮೇಲೆ ಹಗ್ಗ ಭಾರವಾಯಿತು. ಜಗ್ಗಾಟವಿಲ್ಲ, ಒದೆತವಿಲ್ಲ, ನೀರಲ್ಲಿ ನೆನೆದ ಮರದ ದಿಮ್ಮಿ ಎಳೆದ ಹಾಗೆ ಬರೀ ಭಾರ.

"ಬಂದ ನೋಡು ಸೋಮಾರಿ," ಎಂದಳು ರೆಗೀನಾ.

ಕಂಡಿಯಲ್ಲಿ ಶಾರ್ಕಿನ ಮೂತಿ ಎದ್ದಿತು. ಬೂದು ಬಣ್ಣ, ಒರಟು ಚರ್ಮ, ಬಾಯಿ ಅರ್ಧ ತೆರೆದಿತ್ತು. ಕಣ್ಣುಗುಡ್ಡೆಯಿಂದ ದಾರದಂಥ ಹುಳು ಜೋತಾಡುತ್ತಿತ್ತು. ಹೆಚ್ಚಿನವು ಹೀಗೆ ಕುರುಡೇ. ಸಿಕ್ಕಿಬಿದ್ದದ್ದು ಗೊತ್ತಾಗಿದೆಯೋ ಇಲ್ಲವೋ ಎನ್ನುವಂತೆ ಸುಮ್ಮನೆ ತೇಲುತ್ತಿತ್ತು. ನೂರಾರು ವರ್ಷ ಬದುಕುವ ಜೀವಕ್ಕೆ ಯಾವುದಕ್ಕೆ ಅವಸರ?

"ಏ, ಇವನನ್ನ ನಾನು ನೋಡಿದೀನಿ ಕಣೋ!" ರೆಗೀನಾ ನಕ್ಕಳು. "ನಾನು ಸಾಯೋಕ್ ಮುಂಚೆ ಒಂದ್ಸಲ ಸಿಕ್ಕಿದ್ದ. ಪಾಪ, ಹುಡುಗ ಅಂತ ಬಿಟ್ಟಿದ್ದೆ. ಆಗ ನೀನಿನ್ನೂ ಗೊಣ್ಣೆ ಸುರಿಸ್ಕೊಂಡು ಓಡಾಡ್ತಿದ್ದೆ."

ಬೇರೆ ದಿನವಾಗಿದ್ದರೆ ಎನೊಕ್ ಹೊಟ್ಟೆ ಹಿಡಿದು ನಗುತ್ತಿದ್ದ.

"ಈ ಸಲ ಬಿಡಲ್ಲ," ಅವಳು ಕೊಕ್ಕೆ ಎತ್ತಿಕೊಂಡಳು. "ಕಂಡಿ ದೊಡ್ಡದ್ ಮಾಡು, ಮೇಲೆ ತರೋಣ. ನಾಯಿಗಳಿಗೆ ಒಂದ್ ತಿಂಗಳು ಯೋಚನೆ ಇಲ್ಲ. ಕುದಿಸೋದು ಮಾತ್ರ ನಿನ್ ಕೆಲಸ, ಮಗನೇ. ಇನ್ ಯಾರ ಕೈಗೂ ಕೊಡಲ್ಲ ನಾನು. ಮೂರು ನೀರು ಅಂದ್ರೆ ಮೂರು ನೀರು ಹಾಕೋನು ನೀನೊಬ್ನೇ."

ಎನೊಕ್ ಹಾರೆ ಎತ್ತಿ ಹಿಮಕ್ಕೆ ಒಂದು ಪೆಟ್ಟು ಹಾಕಿದ. ಎರಡನೆಯದಕ್ಕೆ ಕೈ ಏಳಲಿಲ್ಲ. ಇದನ್ನೂ ನುಂಗಿಕೊಂಡರೆ ಇನ್ನು ಸಾಯುವ ತನಕ ನುಂಗುತ್ತಲೇ ಇರಬೇಕು ಎನ್ನಿಸಿ ಭಯವಾಯಿತು.

"ಅಪ್ಪಾ."

"ಹೇಳೋ."

"ಗೂಟ ಗಾಳಿಗೆ ಕಿತ್ತಿದ್ದಲ್ಲ. ನಾನೇ ಕಿತ್ತೆ. ಆಮೇಲೆ."

ರೆಗೀನಾ ಕೊಕ್ಕೆ ಹಿಡಿದ ಹಾಗೆಯೇ ನಿಂತಳು.

"ನಾಯಿಗಳು ಎಲ್ಲೂ ಹೋಗಿರ್ಲಿಲ್ಲ. ನಾನ್ ಹಾಕಿದ್ದನ್ನೇ ತಿಂದ್ವು. ನನ್ ಶಾರ್ಕು. ಒಂದೇ ನೀರು ಹಾಕಿದ್ದೆ. ಗಾಳಿ ಇತ್ತು, ಮಂಡಿ..." ಎಂದವನು ಮಂಡಿಯ ಮಾತನ್ನು ಅಲ್ಲಿಗೇ ಬಿಟ್ಟ. ಅದನ್ನು ಹೇಳಲು ನಾಚಿಕೆಯಾಯಿತು.

ಅವಳು ಕೇಳಿದಳು: "ನಿನ್ ನಾಯಿಗಳಿಗೆ ಏನ್ ಹಾಕಿದ್ದೆ?"

ಬೇರೆ ಏನನ್ನಾದರೂ ಕೇಳಬಾರದಿತ್ತೇ? ಅವನು ಕಂಡಿಯ ನೀರು ನೋಡುತ್ತಾ ಹೇಳಿದ: "ಸೀಲ್."

"ಗೆರ್ತ್?"

"ಅವನು ಎಲ್ಲಾ ಬಿರುಕಿಗೆ ತಳ್ಳಿದ್ದ. ಒಂದ್ ಚೂರೂ ಬಿಟ್ಟಿರ್ಲಿಲ್ಲ. ಹೋಗಿ ನೋಡ್ದೆ."

"ಯಾವತ್ತು ನೋಡಿದ್ರಿ?"

ಇಪ್ಪತ್ತೇಳು ವರ್ಷದಲ್ಲಿ ಅವಳು ಅವನಿಗೆ ಬಹುವಚನ ಹಾಕಿದ್ದು ಅದೇ ಮೊದಲು. ಊರಿನ ಪಾದ್ರಿಯ ಜೊತೆ, ಪಟ್ಟಣದ ಡಾಕ್ಟರ ಜೊತೆ ಮಾತಾಡುವ ದನಿ. ಮರ್ಯಾದೆ ಕೊಟ್ಟು ಯಾರಾದರೂ ಹೀಗೆ ಕೆನ್ನೆಗೆ ಹೊಡೆಯಬಹುದೆಂದು ಎನೊಕ್‌ಗೆ ಗೊತ್ತಿರಲಿಲ್ಲ.

"ನಿಂಗೆ ಫೋನ್ ಮಾಡಿದ ದಿನವೇ," ಎಂದ.

ರೆಗೀನಾ ಕೊಕ್ಕೆಯನ್ನು ಬಂಡಿಯ ಮೇಲೆ ಹಾಕಿ, ಚಾಕು ತೆಗೆದು ಮಂಡಿಯೂರಿ ಕೂತು, ಶಾರ್ಕಿಗೆ ಸುತ್ತಿಕೊಂಡಿದ್ದ ದಾರಗಳನ್ನು ಒಂದೊಂದಾಗಿ ಕತ್ತರಿಸಿದಳು. ಬಿಡುಗಡೆಯಾದದ್ದು ತಿಳಿಯದೆ ಅದು ಇನ್ನಷ್ಟು ಹೊತ್ತು ಮೂತಿಯನ್ನು ಕಂಡಿಯಲ್ಲಿಟ್ಟುಕೊಂಡೇ ಇತ್ತು. ಆಮೇಲೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತಾ, ಬೂದು ಬಣ್ಣ ಹಸಿರಾಗಿ, ಹಸಿರು ಕಪ್ಪಾಗಿ ಇಳಿದುಹೋಯಿತು. ಅವಳು ಅದು ಪೂರ್ತಿ ಮರೆಯಾಗುವ ತನಕ ನೋಡಿದಳು. ಕಣ್ಣು ಒರೆಸಿಕೊಂಡದ್ದು ಆಪುತ್‌ಗಾಗಿಯೋ ಇನ್ನಾವುದಕ್ಕೋ, ಎನೊಕ್ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಎನೊಕ್ ಅವರೇ," ಎಂದಳು ಎದ್ದು ನಿಂತು. "ಕಾಫಿನ ನೀವೇ ಅವರ ಮನೆಗೆ ಬಿಟ್ಟು ಬನ್ನಿ. ಏನ್ ಹೇಳ್ಬೇಕೋ ನೀವೇ ಹೇಳಿ."

ಊರು ಮುಟ್ಟುವ ತನಕ ಇಬ್ಬರೂ ಬಂಡಿಯ ಎರಡು ತುದಿಗಳಲ್ಲಿ ಕೂತಿದ್ದರು. ಕಾಫಿ ಈ ಸಲ ಎಲ್ಲೂ ನಿಲ್ಲಲಿಲ್ಲ.

ಗೆರ್ತ್ ಮನೆಯ ಮೆಟ್ಟಿಲ ಮೇಲೆ ಕೂತು ಗಾಳದ ಕೊಂಡಿಗಳಿಗೆ ಎರೆ ಚುಚ್ಚುತ್ತಿದ್ದ. ನಾಯಿ ಎನೊಕ್‌ನನ್ನು ಎಳೆದುಕೊಂಡೇ ಬಂದು ಯಜಮಾನನ ಮೈಮೇಲೆ ಹಾರಿತು. ಗೆರ್ತ್‌ನ ಮುಖ ಬಿಳಿಚಿಕೊಂಡಿತು.

"ಯಾಕಣ್ಣ? ಒಪ್ಪಲಿಲ್ವಾ ಅವಳು? ಸಾಲ್ದು ಅಂದ್ಲಾ? ಇನ್ನೊಂದ್ ಕೊಡ್ತೀನಿ ಅಂತ ಹೇಳು. ಆ ನಾಲ್ಕರಲ್ಲಿ ಯಾವ್ದ್ ಬೇಕೋ ಆರಿಸ್ಕೊಳ್ಳಲಿ."

"ಅಲ್ಲ ಗೆರ್ತ್. ಕೂತ್ಕೋ." ಗೆರ್ತ್ ಕೂತೇ ಇದ್ದ. ಎನೊಕ್ ನಿಂತುಕೊಂಡೇ ಹೇಳಿದ, ಹಿಮದ ಮೇಲೆ ಹೇಳಿದ್ದಕ್ಕಿಂತ ಸ್ವಲ್ಪ ಉದ್ದಕ್ಕೆ, ಸೀಲ್ ಮಾಂಸದ ವಿಷಯವನ್ನೂ ಗೂಟದ ವಿಷಯವನ್ನೂ ಬಿಡದೆ. ಹೇಳಿ ಮುಗಿಸಿ, ಹೊಡೆದರೆ ಹೊಡೆಯಲಿ ಎಂದು ಕೈ ಇಳಿಬಿಟ್ಟುಕೊಂಡು ನಿಂತ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗೆರ್ತ್ ಬಾಯಿ ತೆರೆದುಕೊಂಡು ನೋಡುತ್ತಿದ್ದ.

"ಅಂದ್ರೆ... ನಾನಲ್ಲ?"

"ನೀನಲ್ಲ."

"ಕುಡಿದಿದ್ರೂ ನಾನಲ್ಲ?"

"ಕುಡಿದಿದ್ರೂ ನೀನಲ್ಲ. ನೀನು ಎಲ್ಲಾ ಬಿರುಕಿಗೆ ತಳ್ಳಿ, ಮೇಲೆ ಹಿಮ ಎಳೆದಿದ್ದೆ. ನನ್ ಕಣ್ಣಾರೆ ನೋಡಿದೀನಿ."

"ಎಳೆದಿದ್ನಾ? ಹಿಮಾನೂ ಎಳೆದಿದ್ನಾ?" ಗೆರ್ತ್ ಎರಡು ಕೈಯನ್ನೂ ಮುಂದೆ ಚಾಚಿ ನೋಡಿಕೊಂಡ. ಮುಖವೆಲ್ಲ ಅರಳಿ, ಕಣ್ಣಲ್ಲಿ ನೀರು ತುಂಬಿ, ನಾಯಿಯ ಕುತ್ತಿಗೆಗೆ ಮುಖ ಒತ್ತಿಕೊಂಡು ನಕ್ಕ. ಎದುರಿಗೆ ನಿಂತವನು ತನ್ನ ಹೆಸರು ಕೆಡಿಸಿದ್ದಾನೆ ಎನ್ನುವುದು ಅವನಿಗೆ ಹೊಳೆದೇ ಇಲ್ಲವೇನೋ ಎನ್ನಿಸಿತು ಎನೊಕ್‌ಗೆ. "ದೋರ್ಥೆಯಾ! ದೋರ್ಥಕ್ಕಾ, ಬಾ ಇಲ್ಲಿ! ಅಣ್ಣ, ಇವಳ ಮುಂದೆನೂ ಒಂದ್ಸಲ ಹೇಳು. ನಾನ್ ಹೇಳಿದ್ರೆ ನಂಬಲ್ಲ ಇವಳು."

ದೋರ್ಥೆಯಾ ಕೈಗೆ ಅಂಟಿದ ಹಿಟ್ಟಿನ ಸಮೇತ ಬಾಗಿಲಿಗೆ ಬಂದಳು. ಎನೊಕ್ ಮತ್ತೆ ಮೊದಲಿನಿಂದ ಹೇಳಿದ. ಇನ್ನೊಂದು ಸಲ ಹೇಳಿದರೆ ಹಗುರಾಗಬಹುದೆಂದುಕೊಂಡಿದ್ದ, ಆಗಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, ಅವನ ಮುಖವನ್ನು ಒಂದು ಗಳಿಗೆ ನೋಡಿ, "ನಾನೂ ಇವನಿಗೆ ಬೈದೆ. ಅಕ್ಕನಾಗಿ ನಾನೂ ನಂಬಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಗೆರ್ತ್ ಆಗಲೇ ಟೋಪಿ ಹಾಕಿಕೊಳ್ಳುತ್ತಿದ್ದ.

"ಬಾ ಅಣ್ಣ, ಅಂಗಡಿಗ್ ಹೋಗೋಣ. ಈ ಹೊತ್ತಿಗೆ ಎಲ್ಲಾ ಅಲ್ಲೇ ಇರ್ತಾರೆ."

ಅವನ ದನಿಯಲ್ಲಿ ಸೇಡಿರಲಿಲ್ಲ. ಮೊದಲ ಸೀಲ್ ಹೊಡೆದ ಹುಡುಗ ಅದನ್ನು ಮನೆಮನೆಗೆ ತೋರಿಸಲು ಹೊರಟಂತಿತ್ತು. ಎನೊಕ್ ಅವನ ಹಿಂದೆ ನಡೆದ. ಗೆರ್ತ್ ಉತ್ಸಾಹದಲ್ಲಿ ಮುಂದೆ ಮುಂದೆ ಹೋಗುತ್ತಾ, ಹತ್ತು ಹೆಜ್ಜೆಗೊಮ್ಮೆ ನಿಂತು ಅವನು ಬರುತ್ತಿದ್ದಾನೋ ಎಂದು ತಿರುಗಿ ನೋಡುತ್ತಿದ್ದ. ಕಿಟಕಿಗಳಲ್ಲಿ ಮುಖಗಳು ಕಾಣಿಸಿದವು. ಯಾರೋ ಕೈ ಬೀಸಿದರು, ಎನೊಕ್ ಅಭ್ಯಾಸಬಲದಿಂದ ಕೈ ಎತ್ತಿದ.

ಅಂಗಡಿಯ ಒಳಗಿನಿಂದ ಮಾತು, ನಗು ಕೇಳುತ್ತಿತ್ತು. ಗೆರ್ತ್ ಬೂಟುಗಳನ್ನು ಹೊಸ್ತಿಲಿಗೆ ಬಡಿದು ಹಿಮ ಉದುರಿಸಿದ. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು ಹಿಡಿದು, ಪಕ್ಕಕ್ಕೆ ಸರಿದು ನಿಂತು ಹೇಳಿದ:

"ನೀನ್ ಮೊದ್ಲು ಹೋಗಣ್ಣ."